ಬಾನೆಟ್ಟಿನ ಮೇಲಿನ ರೊಟ್ಟಿ ಗಂಟು

ಹೋದ ವಾರ ಜೇವರ್ಗಿ ಬಸ್ ನಿಲ್ದಾಣದಲ್ಲಿ ಬೆಳಗಿನ ಡ್ಯೂಟಿಗೆ ನಿಂತಿದ್ದೆ. ಪಕ್ಕದ ಗಾಡಿಯ ಡ್ರೈವರ್ ಬುತ್ತಿ ಬಿಚ್ಚಿ, ಎರಡು ಖಡಕ್ ರೊಟ್ಟಿಗಳನ್ನು ಎಂಜಿನ್ನಿನ ಬಾನೆಟ್ಟಿನ ಮೇಲೆ ಕಾಯಲು ಇಟ್ಟು ಚಹಾ ಕುಡಿಯಲು ಹೋದ. ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಕಾದ ತಗಡು, ಡೀಸೆಲ್ಲು, ಜೋಳ ಮೂರೂ ಬೆರೆತ ವಾಸನೆ. ಬೇರೆಯವರಿಗೆ ಹೇಗೋ ಗೊತ್ತಿಲ್ಲ, ನನಗೆ ಆ ವಾಸನೆ ಬಂದರೆ ಹಸಿವೂ ಆಗುತ್ತದೆ, ಸಿಟ್ಟೂ ಬರುತ್ತದೆ. ಅಂದೂ ಎರಡೂ ಬಂದವು, ಅವುಗಳ ಹಿಂದೆಯೇ ಮಾದಿಹಾಳದ ಆ ವರ್ಷವೂ ಬಂತು.

ನಾನು ಕಂಡಕ್ಟರ್. ಹೆಸರು ಮೈಬೂಬ, ಊರು ಆಳಂದ ತಾಲ್ಲೂಕಿನ ಸರಸಂಬಾ. ಆಗ ಅಫಜಲಪುರ ಡಿಪೋದಲ್ಲಿದ್ದೆ. ಅತನೂರ ದಾಟಿ ಒಳಗೆ ಹೋದರೆ, ಹಳ್ಳದ ಆಚೆ ಮಾದಿಹಾಳ ಸಿಗುತ್ತದೆ. ಅದು ವಸ್ತಿ ಬಸ್ಸಿನ ಊರು. ಸಂಜೆ ಊರಿಗೆ ಹೋದ ಗಾಡಿ ಅಲ್ಲೇ ತಂಗಿ ಬೆಳಗಿನ ಜಾವ ತಿರುಗಿ ಹೊರಡುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಊರ ಅತಿಥಿಗಳು. ಮಲಗಲು ಶಾಲೆಯ ಪಡಸಾಲೆ, ಊಟ ಊರವರದು. ದಿನಕ್ಕೊಂದು ಮನೆಯ ಪಾಳಿ. ನಮ್ಮ ಇಲಾಖೆಯ ಯಾವ ಕಾಗದದಲ್ಲೂ ಈ ಪಾಳಿಯ ಮಾತಿಲ್ಲ, ಆದರೂ ಅದು ತಪ್ಪಿದ್ದು ನಾನು ಕಂಡಿಲ್ಲ. ಮನೆಯಲ್ಲಿ ಸಾವಾಗಿದ್ದ ದಿನವೂ ಪಾಳಿಯವರು ನೆರೆಮನೆಯವರ ಕೈಯಲ್ಲಿ ತಾಟು ಕಳಿಸಿದ್ದುಂಟು. ರಂಜಾನಿನಲ್ಲಿ ನಾನು ರೋಜಾ ಬಿಡುವ ಹೊತ್ತಿಗೆ ಸರಿಯಾಗಿ ಯಾರಾದರೂ ಖರ್ಜೂರ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತಿರುತ್ತಿದ್ದರು.

ಈ ಪಾಳಿಯನ್ನೆಲ್ಲ ನಡೆಸುತ್ತಿದ್ದವಳು ಗುರುಬಾಯಿ. ಐವತ್ತು ದಾಟಿದ ಹೆಂಗಸು, ಗಟ್ಟಿ ದನಿ, ಅಗಲ ಅಂಗೈ. ಅವಳ ಅಂಗಳದಲ್ಲಿ ಆರೇಳು ಹೆಣ್ಣುಮಕ್ಕಳು ಕೂಡಿ ರೊಟ್ಟಿ ಬಡಿಯುತ್ತಿದ್ದರು. ಊರಿಗೆ ಬೆಳಕು ಹರಿಯುವ ಮೊದಲೇ ಆ ತಟತಟ ಸದ್ದು ಶುರುವಾಗುತ್ತಿತ್ತು. ಅಫಜಲಪುರದ ಖಾನಾವಳಿಗಳು, ಅಲ್ಲಿಂದ ಮುಂದೆ ಕಲಬುರಗಿಯ ಒಂದೆರಡು ಅಂಗಡಿಗಳು ಅವರ ಖಡಕ್ ರೊಟ್ಟಿಗೇ ಕಾಯುತ್ತಿದ್ದವು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳನ್ನು ಗುರುಬಾಯಿ ಬಸ್ಸಿನ ಹಿಂದಿನ ಸೀಟಿಗೆ ಒಯ್ಯುತ್ತಿರಲಿಲ್ಲ. ನೇರವಾಗಿ ಮುಂದೆ ಬಂದು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಇಡುತ್ತಿದ್ದಳು. ಅಲ್ಲಿ ಕುಲುಕಾಟ ಕಡಿಮೆ, ಜೊತೆಗೆ ಎಂಜಿನ್ನಿನ ಕಾವಿಗೆ ರೊಟ್ಟಿ ಮೆತ್ತಗಾಗುವುದಿಲ್ಲ. ನಮ್ಮ ಡ್ರೈವರ್ ಶರಣಪ್ಪ ಗಂಟು ಇಟ್ಟ ಮೇಲೆ ಗಾಡಿಯನ್ನು ಬಾಣಂತಿಯನ್ನು ಕೂಡಿಸಿಕೊಂಡವನ ಹಾಗೆ ಓಡಿಸುತ್ತಿದ್ದ. ಮಂದಿ ಬಿದ್ದರೂ ನಡೆದೀತು, ರೊಟ್ಟಿ ಒಡೆಯಬಾರದು ಎಂದು ನಾವು ಅವನನ್ನು ಕಾಡಿಸುತ್ತಿದ್ದೆವು.

ಆಮೇಲೆ ಲಾಕ್‌ಡೌನ್ ಬಂತು. ಬಸ್ಸೂ ನಿಂತಿತು, ಖಾನಾವಳಿಗಳೂ ಮುಚ್ಚಿದವು. ಅದು ಎಲ್ಲರಿಗೂ ಬಂದ ಕಷ್ಟ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಬಂದದ್ದು ಎಲ್ಲವೂ ತೆರೆದ ಮೇಲೆ. ಅಂಗಡಿಗಳು ತೆರೆದವು, ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದವು, ಪಟ್ಟಣದ ಬಸ್ಸುಗಳು ಓಡತೊಡಗಿದವು. ಮಾದಿಹಾಳದ ವಸ್ತಿ ಬಸ್ಸು ಮಾತ್ರ ಬರಲಿಲ್ಲ. ಸರ್ಕಾರದ ಬೊಕ್ಕಸ ಸೊರಗಿದೆ, ಖರ್ಚು ಕಡಿಮೆ ಮಾಡಬೇಕು, ನಷ್ಟದ ಮಾರ್ಗಗಳನ್ನು ನಿಲ್ಲಿಸಬೇಕು ಎಂದು ಮೇಲಿನಿಂದ ಮಾತು ಬಂದಿತ್ತು. ಆ ವರ್ಷ ನಷ್ಟ ಎನ್ನುವ ಶಬ್ದವನ್ನು ನಾನು ಕೇಳಿದಷ್ಟು ನನ್ನ ಹೆಸರನ್ನೂ ಕೇಳಿರಲಿಕ್ಕಿಲ್ಲ. ಸೊರಗಿದವರ ಬಾಯಿಂದ ತುತ್ತು ಕಿತ್ತು ಬೊಕ್ಕಸ ದಪ್ಪ ಮಾಡುವ ಜಾಣತನ ಅದು.

ಚಳಿಗಾಲದ ಒಂದು ಮಧ್ಯಾಹ್ನ ಅಫಜಲಪುರ ನಿಲ್ದಾಣದಲ್ಲಿ ಗುರುಬಾಯಿ ಸಿಕ್ಕಳು. ಖಾನಾವಳಿ ಮತ್ತೆ ತೆರೆದಿದೆ ಎಂದು ಕೇಳಿ ಟಂಟಂ ಆಟೋದಲ್ಲಿ ರೊಟ್ಟಿ ತಂದಿದ್ದಳು. ನನ್ನ ಮುಂದೆ ಗಂಟು ಬಿಚ್ಚಿದಳು. ಮೇಲಿನ ನಾಲ್ಕು ರೊಟ್ಟಿ ಬಿಟ್ಟರೆ ಉಳಿದದ್ದೆಲ್ಲ ಚೂರು.

"ನೋಡಪಾ ಮೈಬೂಬ, ಹಿಂಗಾಗ್ಯಾವ. ಖಾನಾವಳಿಯಂವ ಏನ್ ಅಂದ ಗೊತ್ತೇನು? ದನಕ್ಕ ಹಾಕು ಅಂದ."

"ಎರಡ್ ದಿನ ತಡೀ ಅವ್ವ. ಬಸ್ ಬಿಡ್ತಾರ" ಎಂದೆ. ಬಿಡುತ್ತಾರೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

"ತಡೀಬಹುದು ತಮ್ಮಾ. ಆದ್ರ ಆ ಖಾನಾವಳಿಯಂವ ತಡೀಬೇಕಲ್ಲ. ಮಿಷನ್ ರೊಟ್ಟಿ ತರಸ್ತೇನಿ ಅನ್ನಾಕತ್ತಾನ. ಒಮ್ಮೆ ಅದು ಒಳಗ ಬಂತಂದ್ರ ನಾವು ಏಳೂ ಮಂದಿ ಒಲಿ ಆರಿಸಿ ಕೂಡೂದ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಚೂರುಗಳನ್ನು ಮತ್ತೆ ಗಂಟು ಕಟ್ಟಿ, ಡಿಪೋ ಮ್ಯಾನೇಜರ್ ಕೋಣೆ ಎಲ್ಲಿದೆ ಎಂದು ಕೇಳಿದಳು. ಅಂದಿನಿಂದ ವಾರಕ್ಕೊಮ್ಮೆ ಅವಳು, ಊರ ಗೌಡರು, ಮಾಸ್ತರರು ಆ ಕೋಣೆಯ ಮುಂದೆ ಬಂದು ನಿಲ್ಲತೊಡಗಿದರು. ಮ್ಯಾನೇಜರ್ ಸಾಹೇಬರು ದಕ್ಷಿಣದ ಕಡೆಯವರು, ಕೆಟ್ಟವರಲ್ಲ. ಕೊನೆಗೆ ಮೇಲಿನವರನ್ನು ಕೇಳಿ ಒಂದು ತಿಂಗಳ ಪರೀಕ್ಷೆಗೆ ಒಪ್ಪಿಗೆ ತಂದರು. ಆ ತಿಂಗಳಲ್ಲಿ ಹೇಳಿದಷ್ಟು ಕಲೆಕ್ಷನ್ ಬಂದರೆ ಬಸ್ಸು ಉಳಿಯುತ್ತದೆ, ಬಾರದಿದ್ದರೆ ಇಲ್ಲ. ಗಾಡಿಗೆ ಶರಣಪ್ಪ ಮತ್ತು ನಾನೇ.

ನಾವು ಹೋದ ಮೊದಲ ಸಂಜೆಯನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ಹಳ್ಳದ ತನಕ ಹಲಗೆ ಬಾರಿಸುತ್ತ ಬಂದಿದ್ದರು. ಬಸ್ಸಿಗೆ ಬಾಳೆಕಂಬ ಕಟ್ಟಿದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ನನ್ನ ಕೊರಳಿಗೂ ಶರಣಪ್ಪನ ಕೊರಳಿಗೂ ಚೆಂಡುಹೂವಿನ ಮಾಲೆ ಹಾಕಿದರು. ಅಂದು ಪಾಳಿಯ ಲೆಕ್ಕವೇ ಇಲ್ಲ, ಪ್ರತಿ ಮನೆಯಿಂದಲೂ ತಾಟು ಬಂತು. ಮರುದಿನ ಬೆಳಿಗ್ಗೆ ಬಸ್ಸಿಗೆ ಆರತಿ ಮಾಡಿ ಕಾಯಿ ಒಡೆದು ಕಳಿಸಿಕೊಡಲು ಇಡೀ ಊರು ನೆರೆದಿತ್ತು. ಸಂತೆಗೆ ಹೋಗುವವರು, ಕಾಲೇಜಿಗೆ ಹೋಗುವವರು, ಕಾರ್ಖಾನೆಗೆ ಹೋಗುವವರು ಎಲ್ಲರೂ ಅಂದಿನ ಕೆಲಸ ಬಿಟ್ಟು ಬಸ್ಸಿನ ಹಬ್ಬಕ್ಕೆ ಊರಲ್ಲೇ ಉಳಿದಿದ್ದರು. ಗುರುಬಾಯಿ ಅಂದು ಬಡಿದ ರೊಟ್ಟಿಯೆಲ್ಲ ಆ ಮಂದಿಗೇ ಊಟಕ್ಕೆ ಹೋಗಿತ್ತು. ನಾನು ಸೀಟಿ ಊದಿದೆ. ಯಾರೂ ಹತ್ತಲಿಲ್ಲ. ಎಲ್ಲರೂ ಕೈ ಬೀಸಿದರು.

ಅತನೂರ ಸಮೀಪ ತಪಾಸಣೆಯವರು ಗಾಡಿ ನಿಲ್ಲಿಸಿ ಹತ್ತಿದರು. ಖಾಲಿ ಸೀಟುಗಳನ್ನು ನೋಡಿದರು, ನಮ್ಮ ಕೊರಳ ಹೂವನ್ನು ನೋಡಿದರು.

"ಯಾರ್ದರೀ ಲಗ್ನ?" ಎಂದು ಕೇಳಿದರು.

ಶರಣಪ್ಪ ಮಾಲೆ ತೆಗೆದು ಸ್ಟಿಯರಿಂಗಿಗೆ ತೂಗುಹಾಕಿದ. ಅವತ್ತಿನ ವರದಿಯಲ್ಲಿ ನಮ್ಮ ಕಲೆಕ್ಷನ್ ಸೊನ್ನೆ.

ಊರಿಗೆ ತಪ್ಪು ತಿಳಿದು ನಾಲಿಗೆ ಕಚ್ಚಿಕೊಂಡಿತು. ಆದರೆ ಆ ಒಂದು ದಿನ ಬಿಟ್ಟರೂ ಬಸ್ಸು ತುಂಬುವ ತಿಂಗಳು ಅದಾಗಿರಲಿಲ್ಲ. ಹಿಂಗಾರು ಜೋಳದ ಸುಗ್ಗಿ. ಕೈಕಾಲು ಗಟ್ಟಿ ಇದ್ದವರೆಲ್ಲ ಹೊಲದಲ್ಲಿದ್ದರು. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಬದಿಗೆ ಕೊಯ್ದು ಮಲಗಿಸಿದ ಜೋಳ, ನಡುವೆ ಬಗ್ಗಿದ ಬೆನ್ನುಗಳು. ನಮ್ಮ ಪ್ರಯಾಣಿಕರು ಹೊಲದಿಂದಲೇ ಕೈ ಮಾಡಿ ಮತ್ತೆ ಬಗ್ಗುತ್ತಿದ್ದರು. ಪರೀಕ್ಷೆಗೆ ಈ ತಿಂಗಳನ್ನು ಆರಿಸಿದವರು ಜೋಳವನ್ನು ತಾಟಿನಲ್ಲಿ ಮಾತ್ರ ಕಂಡವರಿರಬೇಕು. ಆದರೂ ಆ ಹಬ್ಬದ ದಿನ ಬಿಟ್ಟರೆ ಗುರುಬಾಯಿ ಮತ್ತು ಅವಳ ಜೊತೆಯ ಹೆಣ್ಣುಮಕ್ಕಳು ಒಂದು ದಿನವೂ ತಪ್ಪಿಸಲಿಲ್ಲ. ಗಂಟು ಬಾನೆಟ್ಟಿನ ಮೇಲೆ ಬಂತು, ರೊಟ್ಟಿ ಒಡೆಯದೆ ಪಟ್ಟಣ ಸೇರಿತು, ಖಾನಾವಳಿಯವನು ಮಿಷನ್ ರೊಟ್ಟಿಯ ಮಾತು ಬಿಟ್ಟ. ಅವರ ಮಟ್ಟಿಗೆ ಚೇತರಿಕೆ ಎಂದರೆ ಅಷ್ಟೇ. ಆದರೆ ಏಳು ಮಂದಿಯ ಟಿಕೆಟ್ಟಿಗೆ ಒಂದು ಬಸ್ಸು ಉಳಿಯುವುದಿಲ್ಲ.

ಅರ್ಧ ತಿಂಗಳು ಕಳೆದ ಮೇಲೆ ಒಂದು ಸಂಜೆ ಗೌಡರು ನಮ್ಮನ್ನೂ ಊರವರನ್ನೂ ಕಟ್ಟೆಗೆ ಕರೆದರು. ಅವರದು ಸರಳ ಉಪಾಯ. ಮನೆಗೆ ಇಷ್ಟು ಎಂದು ವರ್ಗಣಿ ಎತ್ತುವುದು, ನಾನು ಅಷ್ಟಕ್ಕೂ ಟಿಕೆಟ್ ಹರಿಯುವುದು. ಕೂಡುವವರು ಇರಲಿ ಬಿಡಲಿ, ಕಾಗದದಲ್ಲಿ ಬಸ್ಸು ತುಂಬಿರುತ್ತದೆ. ನನಗೆ ಆ ಮಾತು ಹಿಡಿಸಿತು. ಶರಣಪ್ಪನೂ ಗೋಣು ಹಾಕಿದ. ಅಷ್ಟರಲ್ಲಿ ಕಟ್ಟೆಯ ಕೆಳಗಿನಿಂದ ಗುರುಬಾಯಿಯ ದನಿ ಬಂತು.

"ಗೌಡ್ರ, ಒಂದ್ ಮಾತ್ರಿ. ಕೂಡಲಾರದ ಬಸ್ಸಿಗಿ ಟಿಕೇಟ್ ಯಾಕ ತಗೋಬೇಕ್ರಿ?"

"ಬಸ್ ಉಳೀಬೇಕಲ್ಲಬೇ. ನಿನ್ನ ರೊಟ್ಟಿ ಸಲುವಾಗೇ ಹೇಳಾಕತ್ತೇನಿ."

"ಈ ತಿಂಗಳ ಕೊಟ್ರ ಮುಂದಿನ ತಿಂಗಳನೂ ಕೊಡಬೇಕು. ಎಲ್ಲೀತನ ಕೊಡ್ತೀರಿ? ಊರ ಮುಂದಿನ ರೋಡಿಗಿ ಲಾಭ ಎಷ್ಟಂತ ಯಾರರೆ ಕೇಳ್ಯಾರೇನು? ಸಾಲಿಗಿ ಕೇಳ್ಯಾರೇನು? ಬೆಂಗಳೂರಾಗ ಕಂಬದ ಮ್ಯಾಲ ರೈಲು ಓಡ್ತದಂತಲ್ಲ, ಅದಕ್ಕ ಒಂದ್ ತಿಂಗಳ ಪರೀಕ್ಷಾ ಇಟ್ಟಾರೇನು? ಸಾಬೂನಿಂದ ಹಿಡದು ಎಣ್ಣಿ ಪಾಕೀಟಿನ ತನಕ ಎಲ್ಲಾದಕ್ಕೂ ತೆರಿಗಿ ನಾವೂ ಕೊಡಾಕತ್ತೇವ್ರಿ. ಬಸ್ ನಮ್ಮದು. ನಮ್ಮದನ್ನ ನಾವು ಸುಳ್ಳು ಹೇಳಿ ಯಾಕ ತಗೋಬೇಕು?"

ಗೌಡರು ಮೀಸೆ ತೀಡಿಕೊಂಡರು. ವರ್ಗಣಿಯ ಮಾತು ಅಲ್ಲಿಗೇ ನಿಂತಿತು. ನನಗೆ ಒಳಗೊಳಗೇ ಕಿರಿಕಿರಿಯಾಯಿತು. ಇವಳ ಹಟಕ್ಕೆ ಇವಳ ರೊಟ್ಟಿಯೇ ಹೋಗುತ್ತದಲ್ಲ ಎಂದುಕೊಂಡೆ.

ರಾಜ್ಯದ ಬಜೆಟ್ಟಿನ ದಿನ ಮಧ್ಯಾಹ್ನ ಬಸ್ಸು ಅಫಜಲಪುರದಲ್ಲಿ ನಿಂತಿತ್ತು. ಬಿಸಿಲಿಗೆ ರೆಕ್ಸಿನ್ ಸೀಟು ಸುಡುತ್ತಿತ್ತು. ರೊಟ್ಟಿ ಮಾರಿ ಬಂದ ಹೆಣ್ಣುಮಕ್ಕಳು ಖಾಲಿ ಬಟ್ಟೆಯಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಶಾಲೆಯ ಮಾಸ್ತರರು ಮೊಬೈಲಿನಲ್ಲಿ ಭಾಷಣ ಹಾಕಿ ಕಿವಿಗೆ ಹಿಡಿದಿದ್ದರು. ಗುರುಬಾಯಿ ಕೇಳಿದಳು:

"ಏನ್ ಅನ್ನಾಕತ್ತಾರ್ರಿ ಮಾಸ್ತರ?"

"ರಾಜ್ಯ ಚೇತರಿಸಿಕೊಂಡದಂತ. ತೆರಿಗಿ ಅಂದಾಜಿಗಿಂತ ಚಲೋ ಬರಾಕತ್ತದಂತ. ಮುಂದಿನ ವರ್ಷ ಇನ್ನೂ ಚಲೋ ಆಗ್ತದಂತ."

"ಜಡ್ಡು ಬಿಟ್ಟು ಎದ್ದದ ಅನ್ರಿ ಹಂಗಾದ್ರ."

"ಹಂಗೇ ಅನಬೇಕು."

"ಜಡ್ಡಿನಿಂದ ಎದ್ದವರು ಮೊದಲ ಊಟ ಕೇಳ್ತಾರ್ರಿ. ಇದೆಂಥಾ ಜಡ್ಡು ಮಾಸ್ತರ, ಎದ್ದ ಕೂಡ್ಲೆ ರೊಟ್ಟಿ ಮಾಡಾವ್ರ ಬಸ್ ನಿಂದ್ರಿಸ್ತದ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮಾಸ್ತರರು ಮೊಬೈಲು ಬಂದ್ ಮಾಡಿ ಜೇಬಿಗೆ ಹಾಕಿಕೊಂಡರು. ಆ ಹೊತ್ತಿಗೆ ನನಗೆ ಅವಳ ಹಟ ಅರ್ಥವಾಗತೊಡಗಿತ್ತು.

ತಿಂಗಳ ಕೊನೆಯ ದಿನ ಡಿಪೋದಿಂದ ಹೊರಡುವಾಗ ನಮಗೆ ಹೇಳಿದರು: ಇದೇ ಕೊನೆಯ ವಸ್ತಿ, ನಾಳೆಯಿಂದ ಆ ಮಾರ್ಗ ಇಲ್ಲ. ಅಂದಿನ ಪಾಳಿ ಗುರುಬಾಯಿಯ ಮನೆಯದೇ ಆಗಿತ್ತು. ಅಂಗಳದಲ್ಲಿ ಪುಂಡಿಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಾಕಿ ಕೂಡಿಸಿದಳು. ನಾನು ರೊಟ್ಟಿ ಮುರಿದು ತಾಟಿನಲ್ಲೇ ಇಟ್ಟೆ. ಮಾತು ತೆಗೆದವನು ಶರಣಪ್ಪ.

"ಅಕ್ಕಾ, ನಾಳಿಯಿಂದ ನಮ್ಮ ಪಾಳಿ ಮುಗೀತು."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿದ ಮೇಲೆ ಕೇಳಿದಳು:

"ನಾಳಿ ಮುಂಜಾನಿ ಗಾಡಿ ಹೋಗ್ತದಿಲ್ಲೋ?"

"ಅದು ಹೋಗ್ತದ. ಸಂಜಿಗಿ ತಿರುಗಿ ಬರಂಗಿಲ್ಲ."

"ಹೋಗ್ತದಲ್ಲ, ಸಾಕು. ನೀವು ಉಣ್ರಿ. ತಾಟಿನ್ಯಾಗ ಬಿಟ್ರ ನಾ ಸುಮ್ನಿರಂಗಿಲ್ಲ."

ಬೆಳಿಗ್ಗೆ ಅವಳು ಬಂದಾಗ ಬಾನೆಟ್ಟಿನ ಮೇಲೆ ರೊಟ್ಟಿ ಗಂಟು ಬರಲಿಲ್ಲ. ಹಂಚು ಬಂತು, ರೊಟ್ಟಿ ಬಡಿಯುವ ಹಲಗೆ ಬಂತು, ಹಿಟ್ಟಿನ ಚೀಲ ಬಂತು, ಜೋಳದ ದಂಟಿನ ಹೊರೆ ಬಂತು. ಏಳೂ ಹೆಣ್ಣುಮಕ್ಕಳು ಟಿಕೆಟ್ ತೆಗೆಸಿ ಕೂತರು. ಇದೇನು ಎಂದು ನಾನು ಕೇಳಿದರೆ, "ನಿನಗ ಲಗೇಜಿನ ಚಾರ್ಜು ಬೇಕಾದ್ರ ಹರಿ ತಮ್ಮಾ" ಎಂದಳು. ಹರಿದೆ.

ಅಫಜಲಪುರ ನಿಲ್ದಾಣದ ಮೂಲೆಯಲ್ಲಿ ಒಂದು ಬೇವಿನ ಮರವಿದೆ, ಅದರ ಪಕ್ಕ ಚಹಾದಂಗಡಿ. ಅಂಗಡಿಯವನನ್ನು ಕೇಳಿ, ಮರದ ಬುಡದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಹಂಚು ಕಾಯಿತು. ಆಮೇಲೆ ಆ ತಟತಟ ಸದ್ದು. ಬಸ್ಸುಗಳ ಹಾರ್ನು, ಮೈಕಿನ ಕೂಗು ಎಲ್ಲದರ ನಡುವೆ ಅದು ಕೇಳುತ್ತಿತ್ತು. ರೊಟ್ಟಿಯ ವಾಸನೆ ನಿಲ್ದಾಣ ತುಂಬಿತು. ಆಳಂದದ ಬಸ್ಸಿಗೆ ಕಾಯುತ್ತಿದ್ದವರು, ಜೇವರ್ಗಿಯ ಬಸ್ಸಿನಿಂದ ಇಳಿದವರು ಎಲ್ಲರೂ ಸುತ್ತ ಕೂಡಿದರು. ಕೇಳಿದವರಿಗೆಲ್ಲ ಹೆಣ್ಣುಮಕ್ಕಳು ರೊಟ್ಟಿ ಕೊಡುತ್ತ, "ಮಾದಿಹಾಳದವ್ರು, ವಸ್ತಿಗಿ ಬಂದೇವ್ರಿ" ಎನ್ನುತ್ತಿದ್ದರು. ನಾನೂ ಶರಣಪ್ಪನೂ ಡ್ಯೂಟಿ ಮುಗಿದಿದ್ದರೂ ಮನೆಗೆ ಹೋಗದೆ ನಿಂತಿದ್ದೆವು. ಮನೆಯಿಂದ ಹೆಂಡತಿ ಫೋನು ಮಾಡಿ "ಕಬ್ ಆರೇ ಜೀ ಘರ್ಕು?" ಎಂದು ಕೇಳಿದಳು. ಮಾದಿಹಾಳದ ಬಸ್ಸು ಬಿಟ್ಟ ಮೇಲೆಯೇ ಮನೆಗೆ ಬರುವುದು ಎಂದೆ.

ಮ್ಯಾನೇಜರ್ ಸಾಹೇಬರು ಓಡುತ್ತಲೇ ಬಂದರು.

"ಏನಮ್ಮಾ ಇದು? ಯಾರು ಹೇಳಿದ್ರು ನಿಮಗೆ ಇಲ್ಲಿ ಒಲೆ ಹಚ್ಚೋಕೆ?"

"ಯಾರೂ ಹೇಳಿಲ್ರಿ ಸಾಹೇಬ್ರ. ವಸ್ತಿಗಿ ಬಂದೇವ್ರಿ."

"ವಸ್ತಿನಾ? ಇಲ್ಲಿಗಾ?"

ಗುರುಬಾಯಿ ಕೈ ಒರೆಸಿಕೊಂಡು ಎದ್ದು ನಿಂತಳು.

"ನಿಮ್ಮ ಡ್ರೈವರ್ ಕಂಡಕ್ಟರ್ ನಮ್ಮೂರಾಗ ಎಷ್ಟೋ ವರ್ಷ ವಸ್ತಿ ಮಾಡ್ಯಾರ್ರಿ. ಮಳಿಯಾಗ ಮಾಡ್ಯಾರ, ಥಂಡ್ಯಾಗ ಮಾಡ್ಯಾರ. ಒಂದಿನರೆ ಉಪವಾಸ ಮಲಗಿಸೇವೇನು, ಇಲ್ಲೇ ನಿಂತಾರ, ಕೇಳ್ರಿ. ಇವತ್ತಿನಿಂದ ನಿಮ್ಮ ಬಸ್ ನಮ್ಮೂರಿಗಿ ಬರಂಗಿಲ್ಲಂತ. ಅದಕ್ಕ ನಾವೇ ಬಂದೇವ್ರಿ. ಇಷ್ಟ್ ದಿನ ನಮ್ಮ ಪಾಳಿ ಇತ್ತು. ಈಗ ನಿಮ್ಮ ಪಾಳಿ."

ಸಾಹೇಬರು ಸುತ್ತ ನೋಡಿದರು. ಕೂಡಿದ ಮಂದಿ ರೊಟ್ಟಿ ಅಗಿಯುತ್ತ ಅವರನ್ನೇ ನೋಡುತ್ತಿತ್ತು.

"ನಷ್ಟದ ಮಾರ್ಗ ಕಣಮ್ಮಾ ಅದು. ನನ್ನ ಕೈಲಿಲ್ಲ."

ನಷ್ಟ ಎನ್ನುವ ಶಬ್ದ ಕೇಳಿದ್ದೇ ನನಗೆ ತಡೆಯಲಾಗಲಿಲ್ಲ.

"ಸರ್, ನಮ್ಮಿಬ್ಬರಿಗಿ ಉಣ್ಣಾಕ ಹಾಕಿದ್ದು ಯಾವ ಲೆಕ್ಕದಾಗ ಹಿಡದೀರಿ? ಅದನ್ನೂ ಹಿಡದು ನೋಡ್ರಿ. ಆಮ್ಯಾಲ ನಷ್ಟ ಯಾರಿಗಂತ ಹೇಳ್ರಿ."

ಮೇಲಧಿಕಾರಿಯ ಮುಂದೆ, ನಾಕು ಮಂದಿಯ ಎದುರಿಗೆ, ಯೂನಿಫಾರ್ಮಿನಲ್ಲಿ ನಿಂತು ಹಾಗೆ ಮಾತಾಡಿದ್ದು ಅದೇ ಮೊದಲು. ನೋಟೀಸು ಬರುತ್ತದೆ ಎಂದುಕೊಂಡೆ. ಬರಲಿ ಎಂದೂ ಅನ್ನಿಸಿತು. ಶರಣಪ್ಪ ಮೆಲ್ಲಗೆ ಬಂದು ನನ್ನ ಪಕ್ಕ ನಿಂತ, ಅವನ ಹಿಂದೆ ಇನ್ನೊಂದಿಬ್ಬರು ಡ್ರೈವರುಗಳು. ಎಲ್ಲರೂ ಒಂದಲ್ಲ ಒಂದು ಊರಲ್ಲಿ ಇಂಥ ಪಾಳಿಯ ಊಟ ಉಂಡವರೇ.

ಗುರುಬಾಯಿ ಸಾಹೇಬರ ಕೈಗೆ ಒಂದು ಬಿಸಿ ರೊಟ್ಟಿ ಇಟ್ಟಳು. "ನಿಮ್ಮ ಪಾಳಿ ಸಂಜಿಗಿ ಶುರು ಆಗಲಿ. ಈಗ ಉಣ್ರಿ" ಎಂದಳು. ಅವರಿಗೆ ಬಿಸಾಡಲೂ ಆಗಲಿಲ್ಲ. ಅದನ್ನು ಹಿಡಿದುಕೊಂಡೇ ಕೋಣೆಗೆ ಹೋದರು, ಬಾಗಿಲು ಹಾಕಿಕೊಂಡು ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಹೆಣ್ಣುಮಕ್ಕಳು ಬೇವಿನ ನೆರಳು ಸರಿದಂತೆ ತಾವೂ ಸರಿಯುತ್ತ ಕೂತೇ ಇದ್ದರು. ಬಿಸಿಲು ಇಳಿಯುವ ಹೊತ್ತಿಗೆ ಸಾಹೇಬರು ಹೊರಗೆ ಬಂದು ನನ್ನನ್ನು ಕರೆದರು.

"ಮೈಬೂಬ್, ಗಾಡಿ ತೆಗೀರಿ. ಮುಂದಿನ ಆದೇಶದವರೆಗೆ ಓಡಲಿ ಅಂದಿದಾರೆ. ಕಾಯಂ ಅಂತ ಅಲ್ಲ, ಅವರಿಗೆ ಸರಿಯಾಗಿ ಹೇಳಿ."

ನಾನು ಸರಿಯಾಗಿಯೇ ಹೇಳಿದೆ. ಗುರುಬಾಯಿ ಹಂಚನ್ನು ಮಣ್ಣಿನಿಂದ ಉಜ್ಜಿ ಬಾನೆಟ್ಟಿನ ಮೇಲೆ ಇಟ್ಟಳು. ಅದು ಇನ್ನೂ ಬಿಸಿಯಿತ್ತು, ಕೆಳಗಿನ ಎಂಜಿನ್ನೂ ಬಿಸಿಯಾಗತೊಡಗಿತ್ತು. ಅಂದು ಸಂಜೆ ಶರಣಪ್ಪ ಆ ಖಾಲಿ ಹಂಚಿಗೂ ಹೆದರಿ ಗಾಡಿಯನ್ನು ಮೆಲ್ಲಗೆ ಓಡಿಸಿದ.

ಮುಂದೆ ನಾನು ಜೇವರ್ಗಿಗೆ ವರ್ಗವಾಗಿ ಬಂದೆ. ಈಗ ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದೆ, ಮಾದಿಹಾಳದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲವಂತೆ. ಆದರೂ ಕಾಗದದಲ್ಲಿ ಅದು ಇಂದಿಗೂ ಮುಂದಿನ ಆದೇಶದವರೆಗೆ ಓಡುವ ಬಸ್ಸೇ. ಆ ಆದೇಶ ಇನ್ನೂ ಬಂದಿಲ್ಲ.

ಹೋದ ವಾರ ಆ ವಾಸನೆ ಬಂದದ್ದೇ ಗುರುಬಾಯಿಗೆ ಫೋನು ಮಾಡಿದೆ. ಹಿಂದೆ ಹೆಣ್ಣುಮಕ್ಕಳ ನಗು, ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಈ ಸಲ ಬೊಕ್ಕಸದ ಕಡೆಯಿಂದ ಏನು ಸುದ್ದಿ ಎಂದು ಅವಳೇ ಕೇಳಿದಳು.

"ಮತ್ತ ಖರ್ಚು ಕಡಿಮಿ ಮಾಡಬೇಕು ಅನ್ನಾಕತ್ತಾರ ಅವ್ವ" ಎಂದೆ.

ಬಡಿಯುವ ಸದ್ದು ಒಂದು ಗಳಿಗೆ ನಿಂತಿತು.

"ಈಗೀಗ ರೊಟ್ಟಿ ಒಯ್ಯೂದು ಹುಡುಗ್ಯಾರೇ. ಆ ಬೇವಿನ ಬುಡದಾಗ ನಾವು ಇಟ್ಟ ಮೂರು ಕಲ್ಲು ಇನ್ನೂ ಅಲ್ಲೇ ಅವ ಏನು ತಮ್ಮಾ?"

"ಅವ. ಹೋದ ತಿಂಗಳ ಅಲ್ಲಿಗಿ ಹೋದಾಗ ನೋಡೇನಿ, ಯಾರೂ ತೆಗದಿಲ್ಲ."

"ಹಂಗಿದ್ರ ಅವರು ಏನ್ ಬೇಕಾದ್ದು ಅನ್ನಲಿ ಬಿಡು" ಎಂದಳು, ಬಡಿಯುವ ಸದ್ದು ಮತ್ತೆ ಶುರುವಾಯಿತು.